ಕಲಬುರಗಿಯಿಂದ ಕಡಲ ದಂಡೆಗೆ: ಹಳೇ ಮನೆ ಕೊಂಡು, ದುರಸ್ತಿ ಮಾಡಿ, ಪ್ರವಾಸಿಗರಿಗೆ ಬಾಡಿಗೆ ಕೊಡಬೇಕು ಅನ್ನುವವರಿಗೆ

ಏಪ್ರಿಲ್-ಮೇ ಬಿಸಿಲಿಗೆ ಕಲಬುರಗಿಯಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗಲ್ಲ. ಆಗ ನೆನಪಾಗೋದು ಸಮುದ್ರ. ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋಗಿ ಬಂದವರಲ್ಲಿ ಯಾರಾದರೂ ಒಬ್ಬರು, ಅಲ್ಲೇ ಒಂದು ಹಳೇ ಮನೆ ತಗೊಂಡು ಹೋಮ್‌ಸ್ಟೇ ಮಾಡಿದರೆ ಹೇಗೆ ಅಂತ ಕೇಳಿಯೇ ಕೇಳುತ್ತಾರೆ. ತೊಗರಿ ಮಾರಿದ ದುಡ್ಡೋ, ನಿವೃತ್ತಿ ದುಡ್ಡೋ, ಪ್ಲಾಟ್ ಮಾರಿದ ದುಡ್ಡೋ ಕೈಯಲ್ಲಿದ್ದಾಗ ಈ ಆಸೆ ಬರೋದು ಸಹಜ. ಆದರೆ ಸೇಡಂ ರಸ್ತೆಯಲ್ಲಿ ಪ್ಲಾಟ್ ಕೊಂಡ ಅನುಭವ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲ್ಲ. ಕರಾವಳಿಯಲ್ಲಿ ಜಾಗ ನಿಮ್ಮ ಹೆಸರಿಗೆ ಬಂದರೂ, ಅದರಲ್ಲಿ ಏನು ಕಟ್ಟಬಹುದು ಅನ್ನೋದು ಸಮುದ್ರದಿಂದ ಅದು ಎಷ್ಟು ದೂರ ಇದೆ ಅನ್ನೋದರ ಮೇಲೆ ನಿಂತಿದೆ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಸಮುದ್ರ ಕಾಣುವ ಖಾಲಿ ಜಾಗದ ಹಿಂದೆ ಹೋಗಬೇಡಿ. ಪಂಚಾಯಿತಿ ಲೆಕ್ಕದಲ್ಲಿ ಮೊದಲಿನಿಂದ ಇರುವ, ಕಾಗದ ಸರಿ ಇರುವ, ಜನ ವಾಸ ಮಾಡಿದ ಹಳೇ ಮನೆ ಹುಡುಕಿ. ಅದರ ಅಡಿಪಾಯದ ಅಳತೆಯೇ ನಿಮ್ಮ ನಿಜವಾದ ಆಸ್ತಿ. ಯಾಕೆ ಅಂತ ಎರಡನೇ ಹಂತದಲ್ಲಿ ಬರುತ್ತದೆ.

ಹಂತ 1: ಯಾವ ಊರು ಅಂತ ತೀರ್ಮಾನ ಮಾಡಿ

ನಮ್ಮ ಕಡೆಯವರಿಗೆ ಉತ್ತರ ಕನ್ನಡವೇ ಹತ್ತಿರ. ಕಲಬುರಗಿಯಿಂದ ವಿಜಯಪುರ ತಲುಪಿದರೆ ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ದಾಟಿ ಅಂಕೋಲಾಕ್ಕೆ ಇಳಿಯುತ್ತದೆ. ಒಟ್ಟು ಸುಮಾರು 500 ಕಿ.ಮೀ. ಬೀದರ್‌ನವರಿಗೆ ಇನ್ನೂ ನೂರು ಕಿ.ಮೀ. ಮೇಲೆ ಸೇರಿಸಿ. ಅಂದರೆ ನಲ್ಲಿ ಒಡೆದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ಮಾತಿಲ್ಲ. ನೀವು ದೂರದಲ್ಲಿದ್ದು ನಡೆಸುವ ವ್ಯವಹಾರ ಇದು, ಹಾಗಂತಲೇ ಊರು ಆರಿಸಿ.

ಗೋಕರ್ಣದಲ್ಲಿ ಬೇಡಿಕೆ ಇದೆ, ಬೆಲೆಯೂ ಏರಿದೆ, ಪೈಪೋಟಿಯೂ ಜಾಸ್ತಿ. ಕುಮಟಾ, ಹೊನ್ನಾವರ, ಭಟ್ಕಳ ಕಡೆ ಸ್ವಲ್ಪ ಒಳಗೆ ಹೋದರೆ ಹಳೇ ಮನೆಗಳು ಸಿಗುತ್ತವೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು, ಅದಾದ ಮೇಲೆ ಅಲ್ಲಿನ ಹೆಸರು ಹೊರಗೂ ಗೊತ್ತಾಗಿದೆ. ಕೊಂಕಣ ರೈಲ್ವೆಯ ನಿಲ್ದಾಣ ಹತ್ತಿರ ಇದ್ದರೆ ಒಳ್ಳೆಯದು, ಬೆಂಗಳೂರಿನ ಅತಿಥಿಗಳು ರೈಲಿನಲ್ಲೂ ಬರುತ್ತಾರೆ.

ಊರು ಆರಿಸುವಾಗ ಒಂದು ವಿಷಯ ಮರೆಯಬೇಡಿ. ಗುಡ್ಡ ಕಡಿದು ರಸ್ತೆ ಮಾಡಿದ ಕಡೆ, ಆ ಗುಡ್ಡದ ಬುಡದಲ್ಲಿ ಮನೆ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಜನ ಸತ್ತರು, ರಸ್ತೆ ಎಷ್ಟೋ ದಿನ ಮುಚ್ಚಿತ್ತು. ಕಪ್ಪು ಮಣ್ಣಿನ ಬಯಲಿನಲ್ಲಿ ಬೆಳೆದ ನಮಗೆ ಗುಡ್ಡ ಚಂದ ಕಾಣುತ್ತದೆ, ಅದರ ಅಪಾಯ ಕಾಣಲ್ಲ.

ಹಂತ 2: ಸಿಆರ್‌ಝಡ್ ಗೆರೆ ನೋಡದೆ ಒಂದು ರೂಪಾಯಿ ಕೊಡಬೇಡಿ

ಇದೇ ಇಡೀ ವ್ಯವಹಾರದ ಬೇರು, ನಿಧಾನವಾಗಿ ಓದಿ. ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ. ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. ಆಮೇಲೆ 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು. ಉಬ್ಬರ ಬಂದಾಗ ನೀರು ಎಲ್ಲಿಯವರೆಗೆ ಬರುತ್ತದೋ ಅದಕ್ಕೆ ಒಂದು ಗೆರೆ ಗುರುತಿಸಿದ್ದಾರೆ. ಆ ಉಬ್ಬರದ ಗೆರೆಯಿಂದ ಭೂಮಿಯ ಕಡೆಗೆ 500 ಮೀಟರ್ ಒಳಗಿನ ಜಾಗವೆಲ್ಲ ಈ ನಿಯಮದ ಕೆಳಗೆ ಬರುತ್ತದೆ. ನದಿ, ಹಿನ್ನೀರು, ಅಳಿವೆ ಪಕ್ಕದ ಜಾಗವೂ ತಪ್ಪಿಸಿಕೊಳ್ಳಲ್ಲ. ಅಘನಾಶಿನಿ, ಶರಾವತಿ, ಗಂಗಾವಳಿ, ಸೌಪರ್ಣಿಕಾ ಇಂಥ ನದಿಗಳಲ್ಲಿ ಉಪ್ಪುನೀರು ಏರುವಷ್ಟು ದೂರ ದಂಡೆಯಿಂದ 50 ಮೀಟರ್, ಅಥವಾ ಆ ಹರಿವಿನ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಇದು 2019ರ ಲೆಕ್ಕ.

ವಲಯಗಳಲ್ಲಿ ನಿಮಗೆ ಬೇಕಾದದ್ದು ಇಷ್ಟು. ಒಂದನೇ ವಲಯ ಅಂದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲಾಮೆ ಮೊಟ್ಟೆ ಇಡುವ ಜಾಗ, ಉಬ್ಬರ-ಇಳಿತದ ನಡುವಿನ ಜಾಗ. ಅದರ ತಂಟೆಗೇ ಹೋಗಬೇಡಿ. ಎರಡನೇ ವಲಯ ಆಗಲೇ ಬೆಳೆದ ಪಟ್ಟಣ ಪ್ರದೇಶ. ಮೂರನೇ ವಲಯ ಹಳ್ಳಿಗಳು, ನೀವು ನೋಡುವ ಹೆಚ್ಚಿನ ಮನೆಗಳು ಇದರಲ್ಲೇ ಇರುತ್ತವೆ. 2011ರ ಜನಗಣತಿಯ ಪ್ರಕಾರ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನ ಇರುವ ಹಳ್ಳಿ 3ಎ, ಅದಕ್ಕಿಂತ ಕಡಿಮೆ ಇದ್ದರೆ 3ಬಿ. 3ಬಿಯಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಹೊಸ ಕಟ್ಟಡ ಕಟ್ಟುವಂತಿಲ್ಲ. 3ಎಯಲ್ಲಿ ಆ ಪಟ್ಟಿ 50 ಮೀಟರ್.

ಈಗ ನಾನು ಹಳೇ ಮನೆ ಅಂತ ಒತ್ತಿ ಹೇಳಿದ್ದು ಯಾಕೆ ನೋಡಿ. ಹೊಸದು ಕಟ್ಟಬಾರದ ಆ ಪಟ್ಟಿಯೊಳಗೂ, ಮೊದಲೇ ಅಧಿಕೃತವಾಗಿ ಇರುವ ಮನೆಯನ್ನು ದುರಸ್ತಿ ಮಾಡಬಹುದು, ಕೆಡವಿ ಮತ್ತೆ ಕಟ್ಟಲೂಬಹುದು. ಆದರೆ ಈಗಿರುವ ಅಡಿಪಾಯದ ಅಳತೆ, ಈಗಿರುವ ಒಟ್ಟು ಕಟ್ಟಡದ ಪ್ರಮಾಣ ಮೀರಬಾರದು. ಖಾಲಿ ಜಾಗದವರಿಗೆ ಇದು ಇಲ್ಲವೇ ಇಲ್ಲ. ದಲ್ಲಾಳಿಗಳು ಸಮುದ್ರದಿಂದ ಬರೀ 80 ಮೀಟರ್ ಅಂತ ಖುಷಿಯಿಂದ ಹೇಳುತ್ತಾರೆ. 3ಬಿ ಹಳ್ಳಿಯಲ್ಲಿ ಖಾಲಿ ಜಾಗಕ್ಕೆ ಆ 80 ಮೀಟರ್ ಕುತ್ತಿಗೆಗೆ ಉರುಳು, ಅಧಿಕೃತ ಮನೆಗೆ ಮಾತ್ರ ಅದು ಲಾಭ.

ಅಧಿಕೃತ ಅನ್ನೋದಕ್ಕೆ ಪುರಾವೆ ಬೇಕು. ಪಂಚಾಯಿತಿಯ ಹಳೇ ಮನೆ ಕಂದಾಯದ ರಸೀದಿ, ತೆರಿಗೆ ನಿರ್ಧಾರದ ಪುಸ್ತಕದ ನಕಲು, ಕಟ್ಟಲು ಕೊಟ್ಟ ಪರವಾನಗಿ, ಹಳೇ ಕರೆಂಟ್ ಬಿಲ್. 1991ಕ್ಕಿಂತ ಮುಂಚಿನ ದಾಖಲೆ ಸಿಕ್ಕರೆ ಬಹಳ ಒಳ್ಳೆಯದು. ಮನೆ ಹಳೆಯದಿದ್ದು, ಪಕ್ಕಕ್ಕೆ ಇತ್ತೀಚೆಗೆ ಎರಡು ಕೋಣೆ ಸೇರಿಸಿದ್ದರೆ ಆ ಎರಡು ಕೋಣೆಗೆ ಬೇರೆ ಕಾಗದ ಕೇಳಿ. ಇಲ್ಲದಿದ್ದರೆ ಬೆಲೆ ಕಟ್ಟುವಾಗ ಅವನ್ನು ಲೆಕ್ಕಕ್ಕೇ ತಗೋಬೇಡಿ.

ಗೆರೆ ಎಲ್ಲಿ ಹಾದು ಹೋಗಿದೆ ಅಂತ ತಿಳಿಯೋದು ಹೇಗೆ? ಮೊದಲು ಸರ್ಕಾರದ ಭೂ ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಮನೆಯ ಮುಂದೆ ನಿಂತು ಸರ್ವೆ ನಂಬರ್ ನೋಡಿಕೊಳ್ಳಿ. ಮಾರುವವರು ಹೇಳಿದ ನಂಬರೂ ಅದೂ ಒಂದೇನಾ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಆ ನಂಬರ್ ಹಿಡಿದು ಕರಾವಳಿ ವಲಯ ನಿರ್ವಹಣಾ ನಕ್ಷೆ ನೋಡಬೇಕು. ಕಾರವಾರ, ಉಡುಪಿ, ಮಂಗಳೂರಿನಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಗಳಿವೆ. ಅಲ್ಲಿ ಅರ್ಜಿ ಕೊಟ್ಟು, ಈ ಸರ್ವೆ ನಂಬರ್ ಯಾವ ವಲಯ, ಉಬ್ಬರದ ಗೆರೆಯಿಂದ ಎಷ್ಟು ಮೀಟರ್ ಅಂತ ಬರಹದಲ್ಲಿ ಕೇಳಿ. ಬಾಯಿಮಾತು ಬೇಡ. ಸ್ವಂತ ವಾಸಕ್ಕೆ 300 ಚದರ ಮೀಟರ್ ಒಳಗಿನ ಮನೆಗೆ ಸ್ಥಳೀಯ ಸಂಸ್ಥೆಯೇ ಅನುಮತಿ ಕೊಡಬಹುದು ಅಂತ 2019ರ ಅಧಿಸೂಚನೆ ಹೇಳುತ್ತದೆ, ಆದರೆ ಅದು ಸ್ವಂತ ವಾಸಕ್ಕೆ. ರೆಸಾರ್ಟಿಗಲ್ಲ.

ಹೋಮ್‌ಸ್ಟೇ ಬಗ್ಗೆಯೂ ಅದರಲ್ಲೇ ಇದೆ. ಮೀನುಗಾರರೂ ಸೇರಿದಂತೆ ಸ್ಥಳೀಯ ಸಮುದಾಯದವರು ಈಗಿರುವ ಮನೆಯ ಅಡಿಪಾಯ, ವಿನ್ಯಾಸ, ಮುಂಭಾಗ ಬದಲಿಸದೆ ಹೋಮ್‌ಸ್ಟೇ ನಡೆಸಬಹುದು. ಸ್ಥಳೀಯ ಸಮುದಾಯ ಅನ್ನೋ ಮಾತು ಗಮನಿಸಿ. ಕಲಬುರಗಿಯಿಂದ ಹೋಗಿ ಮನೆ ಕೊಂಡವರಿಗೆ ಈ ಅನುಕೂಲ ತಾನಾಗಿ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. ನಿಮ್ಮ ಅರ್ಜಿಯಲ್ಲೇ ಈ ಪ್ರಶ್ನೆಯನ್ನೂ ಬರೆಯಿರಿ. 200 ಮೀಟರ್ ಆಚೆಗಿನ ಮನೆಯಾದರೆ ಈ ತಲೆನೋವು ಬಹಳ ಕಡಿಮೆ. ಸಮುದ್ರಕ್ಕೆ ಐದು ನಿಮಿಷ ನಡೆದರೆ ಅತಿಥಿಗಳಿಗೆ ಏನೂ ಬೇಜಾರಿಲ್ಲ, ಅಲ್ವಾ?

ಯಾರೂ ಏನೂ ಮಾಡಲ್ಲ, ಎಲ್ಲರೂ ಕಟ್ಟಿದ್ದಾರೆ ಅಂತ ಧೈರ್ಯ ಹೇಳುವವರು ಸಿಗುತ್ತಾರೆ. ಕೊಚ್ಚಿಯ ಮರಡಿನಲ್ಲಿ ಇದೇ ಸಿಆರ್‌ಝಡ್ ನಿಯಮ ಮುರಿದು ಕಟ್ಟಿದ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರ ಜನವರಿಯಲ್ಲಿ ಸ್ಫೋಟಿಸಿ ಕೆಡವಿದರು. ಅಲ್ಲಿ ಮನೆ ಕೊಂಡವರು ಕಟ್ಟಿದವರ ಮಾತು ನಂಬಿದ್ದ ಸಾಮಾನ್ಯ ಜನ.

ಹಂತ 3: ಕಾಗದ. ಅಲ್ಲಿನ ಮಾತೇ ಬೇರೆ

1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ಭೂಮಿಯ ಲೆಕ್ಕ, ಮಾತು ಇವತ್ತಿಗೂ ಬೇರೆ ಬೇರೆ. ಉತ್ತರ ಕನ್ನಡದಲ್ಲಿ ನಮ್ಮ ಹಾಗೇ ಎಕರೆ-ಗುಂಟೆ. ಉಡುಪಿ, ಮಂಗಳೂರು ಕಡೆ ಸೆಂಟ್ಸ್. ನೂರು ಸೆಂಟ್ಸ್ ಅಂದರೆ ಒಂದು ಎಕರೆ, ಒಂದು ಗುಂಟೆ ಅಂದರೆ ಎರಡೂವರೆ ಸೆಂಟ್ಸ್. ಹತ್ತು ಸೆಂಟ್ಸ್ ಅಂದರೆ ನಾಲ್ಕೇ ಗುಂಟೆ, ಕೇಳಿದಷ್ಟು ದೊಡ್ಡದಲ್ಲ.

ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಗ ಜಾಗ ಅಂದರೆ ಪಟ್ಟಾ ಜಾಗ. ಅದರ ಪಕ್ಕ ಕುಮ್ಕಿ ಅಂತ ತೋರಿಸುತ್ತಾರೆ. ಕುಮ್ಕಿ ಸರ್ಕಾರದ್ದು. ಪಕ್ಕದ ವರ್ಗದಾರರಿಗೆ ಸೊಪ್ಪು, ಸೌದೆ ತರುವ ಸವಲತ್ತು ಮಾತ್ರ ಇರುತ್ತದೆ. ಕುಮ್ಕಿ ಸೇರಿ ಒಂದು ಎಕರೆ ಅಂತ ಬೆಲೆ ಹೇಳಿದರೆ, ವರ್ಗ ಎಷ್ಟು ಅಂತ ಕೇಳಿ, ಅಷ್ಟಕ್ಕೇ ಬೆಲೆ ಕೊಡಿ. ಉತ್ತರ ಕನ್ನಡದಲ್ಲಿ ತೋಟಕ್ಕೆ ಸೊಪ್ಪು ತರಲು ಬಿಟ್ಟಿರುವ ಸೊಪ್ಪಿನ ಬೆಟ್ಟದ ವಿಷಯವೂ ಹೆಚ್ಚುಕಡಿಮೆ ಹೀಗೇ. ಮನೆ ಮುಂದಿನ ಮರಳು, ತೆಂಗಿನ ಸಾಲು ಕೂಡ ಎಷ್ಟೋ ಕಡೆ ಸರ್ಕಾರದ್ದೇ. ಬೇಲಿ ಹಾಕಿದ್ದಾರೆ ಅಂದ ಮಾತ್ರಕ್ಕೆ ಅವರದ್ದಾಗಲ್ಲ.

ಗೇಣಿ ಭೂಮಿ ಇನ್ನೊಂದು ಸಂಗತಿ. ಕರಾವಳಿಯಲ್ಲಿ ಉಳುವವನೇ ಹೊಲದೊಡೆಯ ಕಾನೂನಿನಲ್ಲಿ ಬಹಳ ಜಾಗ ಗೇಣಿದಾರರಿಗೆ ಬಂದಿದೆ. ಹಾಗೆ ಬಂದ ಜಾಗವನ್ನು 15 ವರ್ಷ ಮಾರುವಂತಿರಲಿಲ್ಲ. ಆ ಅವಧಿ ಮುಗಿದ ಮೇಲೇ ಮಾರಾಟವಾಗಿದೆಯಾ ಅಂತ ಭೂ ನ್ಯಾಯಮಂಡಳಿಯ ಆದೇಶ ಇಟ್ಟುಕೊಂಡು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವಾದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಅದು ಕೈ ಬದಲಾಗಿದ್ದರೆ ಎಷ್ಟು ವರ್ಷದ ಮೇಲೂ ವಾಪಸ್ ಹೋಗಬಹುದು. ಅದು ಅವರ ಹಕ್ಕು, ಅಂಥ ಜಾಗದಿಂದ ದೂರ ಇರಿ.

2020ರ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಅದಕ್ಕೆ ತೊಂದರೆ ಇಲ್ಲ. ಆದರೆ ಮನೆ ನಿಂತಿರುವ ಜಾಗ ಎನ್ಎ ಆಗಿದೆಯಾ, ಅಂದರೆ ಭೂ ಪರಿವರ್ತನೆ ಆಗಿದೆಯಾ ಅಂತ ನೋಡಿ. ತೋಟದ ಪಹಣಿಯಲ್ಲಿ ನಿಂತ ಮನೆಗೆ ಸಾಲ ಕೊಡಲು ಬ್ಯಾಂಕಿನವರು ಹಿಂದೆ ಮುಂದೆ ನೋಡುತ್ತಾರೆ. ಪಂಚಾಯಿತಿ ವ್ಯಾಪ್ತಿಯ ಆಸ್ತಿಯಾದರೆ ಇ-ಸ್ವತ್ತು ಅನ್ನುವ ಪಂಚಾಯಿತಿಯ ಆನ್‌ಲೈನ್ ದಾಖಲೆಯ ನಮೂನೆ 9 ಮತ್ತು 11ಎ ಬೇಕು. ಬರೀ 11ಬಿ ಇದ್ದರೆ ಅಲ್ಲೇ ನಿಲ್ಲಿ, ಕಾರಣ ಕೇಳಿ. ದೊಡ್ಡ ನಂಬರಿನಲ್ಲಿ ಒಂದು ತುಂಡು ಮಾರುತ್ತಿದ್ದರೆ 11ಇ ನಕ್ಷೆ, ಅಂದರೆ ಆ ತುಂಡನ್ನು ಅಳೆದ ಸರ್ವೆ ನಕ್ಷೆ ಬೇಕೇ ಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚಿನ ಇಸಿ, ಅಂದರೆ ಋಣಭಾರ ಪತ್ರ ಸಿಗುತ್ತದೆ. ಅದಕ್ಕೆ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ತೆಗೆಸಿ, ಒಟ್ಟು 30 ವರ್ಷದ್ದು ನೋಡಿ.

ಮಾರುವವರ ಮನೆತನದ ಬಗ್ಗೆ ಕೇಳಲು ನಾಚಿಕೊಳ್ಳಬೇಡಿ. ಕರಾವಳಿಯ ಮನೆತನಗಳಲ್ಲಿ ಒಬ್ಬ ಮಗ ಮುಂಬಯಿ, ಇನ್ನೊಬ್ಬ ದುಬೈ, ಮಗಳು ಬೆಂಗಳೂರು, ಊರಲ್ಲಿ ಇರುವವರು ವಯಸ್ಸಾದ ತಾಯಿ. ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ, ಹಾಗಾಗಿ ಎಲ್ಲರ ಸಹಿ ಬೇಕು. ತುಳುನಾಡಿನ ಕಡೆ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದಿರುತ್ತದೆ. ಅಲ್ಲಿ ಮಗನ ಸಹಿ ಇದ್ದು ಅಕ್ಕ-ತಂಗಿಯರ ಸಹಿ ಇಲ್ಲ ಅಂದರೆ ಕೆಲಸ ಕೆಟ್ಟ ಹಾಗೆ. ವಿಭಾಗ ಪತ್ರ ತರಿಸಿ, ಅಲ್ಲಿನ ವಕೀಲರಿಗೇ ತೋರಿಸಿ. ಕಲಬುರಗಿಯ ವಕೀಲರು ಎಷ್ಟೇ ಒಳ್ಳೆಯವರಾದರೂ ಕುಮ್ಕಿ, ಮೂಲಗೇಣಿ (ಶಾಶ್ವತ ಗೇಣಿ) ಅವರ ದಿನನಿತ್ಯದ ವಿಷಯ ಅಲ್ಲ.

ಹಿತ್ತಲಲ್ಲಿ ನಾಗಬನ ಅಥವಾ ದೈವದ ಗುಡಿ ಇದೆಯಾ ಅಂತಲೂ ಕೇಳಿ. ಇದ್ದರೆ ವರ್ಷಕ್ಕೊಮ್ಮೆಯಾದರೂ ಆ ಕುಟುಂಬದವರು ಪೂಜೆಗೆ ಬರುತ್ತಾರೆ. ದಾರಿ, ಜಾಗ ಬಿಟ್ಟುಕೊಡುವ ಮಾತು ಕ್ರಯಪತ್ರದಲ್ಲೇ ಬರಲಿ. ಗೌರವದಿಂದ ನಡೆದುಕೊಂಡರೆ ಊರಿನವರು ನಿಮ್ಮವರಾಗುತ್ತಾರೆ. ಮನೆಗೆ ಹೋಗುವ ದಾರಿ ಯಾರದ್ದು ಅನ್ನೋದನ್ನೂ ನಕ್ಷೆಯಲ್ಲಿ ನೋಡಿ. ಪಕ್ಕದವರ ಅಂಗಳದ ಮೂಲಕ ನಡೆದು ಹೋಗುವ ಮನೆಗಳು ಬಹಳ, ಅಲ್ಲಿಗೆ ಕಾರು ಬರಲ್ಲ.

ಹಂತ 4: ಮೇ ತಿಂಗಳಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ನೋಡಿ

ಡಿಸೆಂಬರ್‌ನಲ್ಲಿ ಎಲ್ಲಾ ಮನೆಯೂ ಚಂದ. ಮೇ ಕೊನೆಗೆ ಹೋಗಿ ಬಾವಿ ನೀರು ಕುಡಿದು ನೋಡಿ, ಉಪ್ಪಾಗಿದೆಯಾ ಅಂತ. ನೀರಿನ ಪರೀಕ್ಷೆ ಮಾಡಿಸಿ. ಬೋರ್ ಹಾಕಿಸಿದರೆ ಆಯ್ತು ಅನ್ನೋ ನಮ್ಮ ಕಡೆಯ ಉಪಾಯ ಅಲ್ಲಿ ನಡೆಯಲ್ಲ. ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಸ್ಥಳೀಯರ ಸ್ವಂತ ಬಳಕೆ ಬಿಟ್ಟರೆ ಅಂತರ್ಜಲ ತೆಗೆಯಲು ಅವಕಾಶವಿಲ್ಲ. 200ರಿಂದ 500 ಮೀಟರ್ ನಡುವೆ, ಬೇರೆ ನೀರಿನ ಮೂಲ ಇಲ್ಲದಿದ್ದಾಗ, ಸಾದಾ ಬಾವಿಯಿಂದ ಕೈಯಲ್ಲಿ ಸೇದಿ ಕುಡಿಯಲು, ತೋಟಕ್ಕೆ, ಕೃಷಿಗೆ, ಮೀನುಗಾರಿಕೆಗೆ ಅಂತ ಮಾತ್ರ.

ಜುಲೈನಲ್ಲಿ ಹೋದರೆ ಸೋರಿಕೆ, ಗೋಡೆಯ ತೇವ, ಅಂಗಳದಲ್ಲಿ ನೀರು ನಿಲ್ಲೋದು, ಸೆಪ್ಟಿಕ್ ಟ್ಯಾಂಕ್ ತುಂಬಿ ಉಕ್ಕೋದು, ಎಲ್ಲಾ ಕಣ್ಣಿಗೆ ಕಾಣುತ್ತದೆ. ನಮಗೆ ವರ್ಷಕ್ಕೆ 700-800 ಮಿ.ಮೀ. ಮಳೆ, ಅಲ್ಲಿ 3,500 ಮಿ.ಮೀ. ಆಸುಪಾಸು. ಕಡಲ್ಕೊರೆತ ಇದೆಯಾ ಅಂತ ಮೀನುಗಾರರನ್ನು ಕೇಳಿ, ದಲ್ಲಾಳಿಯನ್ನಲ್ಲ. ಉಳ್ಳಾಲ, ಮರವಂತೆ ಕಡೆ ಸಮುದ್ರ ಎಷ್ಟು ತಿಂದಿದೆ ಅಂತ ಊರವರೇ ತೋರಿಸುತ್ತಾರೆ. ದಂಡೆಗೆ ದೊಡ್ಡ ಕಲ್ಲು ಸುರಿದಿದ್ದರೆ ಅದೇ ಒಂದು ಉತ್ತರ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿ.

ಹಂತ 5: ಲೆಕ್ಕ

ಒಂದು ಉದಾಹರಣೆ ಹಾಕಿ ನೋಡೋಣ, ಅಂಕಿಗಳು ಊಹೆಯವು, ನಿಮ್ಮವನ್ನು ಹಾಕಿಕೊಳ್ಳಿ. ಮನೆ 60 ಲಕ್ಷ. ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2. ಹಳ್ಳಿ ಜಾಗಕ್ಕೆ ಎಲ್ಲಾ ಸೇರಿ ಶೇ 7.65, ಅಂದರೆ ಸುಮಾರು 4.6 ಲಕ್ಷ. ದುರಸ್ತಿ, ಪೀಠೋಪಕರಣ 20 ಲಕ್ಷ. ಒಟ್ಟು 85 ಲಕ್ಷದ ಹತ್ತಿರ. ಮೂರು ಕೋಣೆ, ದಿನಕ್ಕೆ 2,500 ರೂಪಾಯಿ, ವರ್ಷಕ್ಕೆ 110 ದಿನ ತುಂಬಿದರೆ 8.25 ಲಕ್ಷ. ಕಮಿಷನ್, ನೋಡಿಕೊಳ್ಳುವವರ ಸಂಬಳ, ಕರೆಂಟ್, ಪ್ರತಿ ವರ್ಷದ ಸುಣ್ಣಬಣ್ಣಕ್ಕೆ ಅರ್ಧ ಹೋದರೆ ಉಳಿಯೋದು ನಾಲ್ಕು ಲಕ್ಷ. ಅಂದರೆ ಶೇ 5ಕ್ಕಿಂತ ಕಡಿಮೆ. ಸಾಲ ಮಾಡಿ ಕೊಂಡರೆ ಬಾಡಿಗೆಯಿಂದ ಕಂತು ಕಟ್ಟೋಕೆ ಆಗಲ್ಲ. ಕೈಯಲ್ಲಿ ದುಡ್ಡಿದ್ದು, ಹತ್ತು ವರ್ಷ ಕಾಯುವ ತಾಳ್ಮೆ ಇದ್ದು, ಮನೆಯವರೂ ಹೋಗಿ ಇರುತ್ತಾರೆ ಅಂದರೆ ಮಾತ್ರ ಇದು ಒಳ್ಳೆಯ ನಿರ್ಧಾರ.

110 ದಿನ ಯಾಕೆ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಸಮುದ್ರಕ್ಕೆ ಇಳಿಯಲು ಬಿಡಲ್ಲ. ಉಳಿದ ತಿಂಗಳಲ್ಲೂ ವಾರದ ಕೊನೆ, ದಸರಾ ರಜೆ, ಡಿಸೆಂಬರ್ ಕೊನೆ ಬಿಟ್ಟರೆ ಪ್ರತಿದಿನ ತುಂಬಲ್ಲ.

ಹಂತ 6: ಅಗ್ರಿಮೆಂಟ್, ನೋಂದಣಿ

ಅಡ್ವಾನ್ಸ್ ಚಿಕ್ಕದಿರಲಿ. ಸಿಆರ್‌ಝಡ್ ಉತ್ತರ ವಿರುದ್ಧ ಬಂದರೆ ಅಡ್ವಾನ್ಸ್ ವಾಪಸ್ ಅನ್ನೋ ಸಾಲು ಅಗ್ರಿಮೆಂಟಿನಲ್ಲಿ ಇರಲೇಬೇಕು. ಆ ಭಾಗದ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರು ಕರೆಯಿರಿ. ಬರೀ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಕೊಳ್ಳಬೇಡಿ, ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ತೆರಿಗೆ (ಟಿಡಿಎಸ್) ಹಿಡಿದು ಕಟ್ಟೋದು ಕೊಳ್ಳುವವರ ಜವಾಬ್ದಾರಿ. ಮಾರುವವರಲ್ಲಿ ಒಬ್ಬರು ಅನಿವಾಸಿ ಭಾರತೀಯರಾದರೆ ಈ 50 ಲಕ್ಷದ ಮಿತಿ ಇಲ್ಲ, ಹಿಡಿಯಬೇಕಾದ ದರವೂ ತುಂಬಾ ಜಾಸ್ತಿ. ದುಬೈನಲ್ಲಿರುವ ಮಗನ ಪಾಲು ಇದ್ದರೆ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.

ಹಂತ 7: ದುರಸ್ತಿ

ಹಳೇ ಮನೆ ಅಂದರೆ ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚು, ಮರದ ಅಟ್ಟ. ಉತ್ತರ ಕನ್ನಡದಲ್ಲಿ ಆ ಕಲ್ಲಿಗೆ ಚಿರೇಕಲ್ಲು ಅಂತಾರೆ. ಬೀದರ್‌ನವರಿಗೆ ಇದು ಹೊಸದಲ್ಲ, ಬೀದರ್ ಕೂತಿರೋದೇ ಕೆಂಪುಕಲ್ಲಿನ ಮೇಲೆ. ಹೆಂಚು ಕಿತ್ತು ಕಲಬುರಗಿಯ ಹಾಗೆ ಚಪ್ಪಟೆ ಆರ್‌ಸಿಸಿ ಹಾಕಬೇಡಿ, ಆ ಮಳೆಗೆ ಸೋರುತ್ತದೆ, ಉಪ್ಪು ಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಬಿರಿಯುತ್ತದೆ. ಅತಿಥಿಗಳು ಬರೋದೂ ಆ ಹೆಂಚಿನ ಮನೆಗಾಗಿಯೇ. ಹೆಂಚಿನ ಕೆಳಗಿನ ಮರದ ಪಕಾಸು, ರೀಪು ಗೆದ್ದಲು ಹಿಡಿದಿದ್ದರೆ ಬದಲಿಸಿ. ಗೋಡೆಗೆ ಸುಣ್ಣದ ಗಾರೆ ಒಳ್ಳೆಯದು. ಗಟ್ಟಿ ಸಿಮೆಂಟ್, ಪ್ಲಾಸ್ಟಿಕ್ ಬಣ್ಣ ಹಾಕಿದರೆ ತೇವ ಒಳಗೇ ಉಳಿದು ಪದರು ಉದುರುತ್ತದೆ. ಕೀಲು, ಚಿಲಕ, ನಲ್ಲಿ ಒಳ್ಳೆಯ ಸ್ಟೀಲಿನವೇ ಇರಲಿ. ನೆಲಕ್ಕೆ ನಮ್ಮ ಶಹಾಬಾದ್ ಕಲ್ಲು ಲಾರಿಯಲ್ಲಿ ತರಿಸಿದರೂ ಚಂದ, ಒದ್ದೆ ಕಾಲಿಗೆ ಜಾರದ ಹಾಗೆ ಒರಟು ಮೈಯದ್ದು ನೋಡಿ.

ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಜನ ಮಂಗಳೂರು, ಉಡುಪಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ಗಾರೆ ಕೆಲಸಕ್ಕೆ ಅವರು ಸಿಕ್ಕರೆ ಮಾತು, ನಂಬಿಕೆ ಎರಡೂ ಸುಲಭ. ಹೆಂಚಿನ ಮಾಡಿಗೆ (ಛಾವಣಿಗೆ) ಮಾತ್ರ ಅಲ್ಲಿನ ಬಡಗಿಯೇ ಬೇಕು. ಕೆಲಸ ಶುರು ಮಾಡುವ ಮುಂಚೆ ಹಳೇ ಅಡಿಪಾಯದ ಅಳತೆ ಹಾಕಿಸಿ, ದಿನಾಂಕ ಇರುವ ಫೋಟೋ ತೆಗೆದು ಇಡಿ.

ಹಂತ 8: ಬಾಡಿಗೆಗೆ ತೆರೆಯುವುದು

ಹೋಮ್‌ಸ್ಟೇ ಅಂತ ಕರೆದುಕೊಳ್ಳಲು ನೋಂದಣಿ ಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು. ನೀವು ಕಲಬುರಗಿಯಲ್ಲೇ ಇರುವವರಾದರೆ ಅದಕ್ಕೆ ಹೊಂದಲ್ಲ. ಜಿಲ್ಲಾ ಪ್ರವಾಸೋದ್ಯಮ ಇಲಾಖೆ ಕಚೇರಿಗೆ ಹೋಗಿ ನಿಮ್ಮ ಪರಿಸ್ಥಿತಿ ಹೇಳಿ, ಯಾವ ಪರವಾನಗಿ ಬೇಕು ಅಂತ ಕೇಳಿ. ಪಂಚಾಯಿತಿಯ ವ್ಯಾಪಾರ ಪರವಾನಗಿ, ಊಟ ಕೊಟ್ಟರೆ ಆಹಾರ ಸುರಕ್ಷತೆಯ ನೋಂದಣಿ, ಅತಿಥಿಗಳ ಗುರುತಿನ ಚೀಟಿಯ ನಕಲು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡುವ ಫಾರ್ಮ್ (ಮೊದಲು ಇದಕ್ಕೆ ಸಿ-ಫಾರ್ಮ್ ಅನ್ನುತ್ತಿದ್ದರು). ಗೋಕರ್ಣದಲ್ಲಿ ಇದು ಪದೇ ಪದೇ ಬೇಕಾಗುತ್ತದೆ. ಜಿಎಸ್‌ಟಿ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಶೇ 5. ವರ್ಷದ ವಹಿವಾಟು 20 ಲಕ್ಷದ ಒಳಗಿದ್ದು ನೋಂದಣಿ ಇಲ್ಲದಿದ್ದರೂ, ಬುಕಿಂಗ್ ಆ್ಯಪ್ ಮೂಲಕ ಬಂದ ಅತಿಥಿಯಿಂದ ಆ್ಯಪಿನವರೇ ತೆರಿಗೆ ವಸೂಲಿ ಮಾಡಿ ಕಟ್ಟುತ್ತಾರೆ. ಕರೆಂಟ್ ಸಂಪರ್ಕ ಮನೆ ದರದ್ದಾ ವಾಣಿಜ್ಯ ದರದ್ದಾ ಅಂತ ಉತ್ತರ ಕನ್ನಡದಲ್ಲಿ ಹೆಸ್ಕಾಂ, ಉಡುಪಿ-ಮಂಗಳೂರಿನಲ್ಲಿ ಮೆಸ್ಕಾಂ ಕಚೇರಿಯಲ್ಲಿ ಬಗೆಹರಿಸಿಕೊಳ್ಳಿ.

ನೋಡಿಕೊಳ್ಳಲು ಅದೇ ಊರಿನ ಒಂದು ಕುಟುಂಬ ಸಿಕ್ಕರೆ ಅರ್ಧ ಚಿಂತೆ ಕಳೆದ ಹಾಗೆ. ಸಂಬಳದ ಜೊತೆ ಬಾಡಿಗೆಯಲ್ಲಿ ಒಂದು ಪಾಲು ಕೊಡಿ, ಅವರು ಅದನ್ನು ತಮ್ಮ ಮನೆ ಅಂತ ನೋಡುತ್ತಾರೆ. ಮುಂದಿನ ಮರಳಿನಲ್ಲಿ ಮೀನುಗಾರರು ದೋಣಿ ಎಳೆದಿಡುತ್ತಾರೆ, ಮೀನು ಒಣಗಿಸುತ್ತಾರೆ. ಅದು ಅವರ ಬದುಕು. ಅತಿಥಿಗಳು ವಾಸನೆ ಅಂತ ದೂರಿದರೆ ನೀವು ಮೀನುಗಾರರ ಪರವಾಗಿ ಮಾತಾಡಿ.

ನಮ್ಮ ಕಡೆಯವರಿಗೇ ಒಂದು ಅನುಕೂಲ ಇದೆ. ಕಲಬುರಗಿ, ರಾಯಚೂರು, ವಿಜಯಪುರದಿಂದ ಕುಟುಂಬ ಸಮೇತ ಹೋಗುವವರಿಗೆ ಎರಡನೇ ದಿನಕ್ಕೇ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬೇಕು ಅನಿಸುತ್ತದೆ. ಅಲ್ಲಿ ಕುಚ್ಚಲಕ್ಕಿ, ಮೀನು ಸಿಗುತ್ತದೆ, ಇದು ಸುಲಭವಾಗಿ ಸಿಗಲ್ಲ. ರೊಟ್ಟಿ ಬಡಿಯುವ ಒಬ್ಬ ಅಕ್ಕನನ್ನು ರಜೆಯ ತಿಂಗಳಲ್ಲಿ ಕರೆದುಕೊಂಡು ಹೋದರೆ, ನಿಮ್ಮ ಮನೆ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ, ಕಮಿಷನ್ ಕೊಡದೆ ಬುಕಿಂಗ್ ಬರುತ್ತದೆ.

ಸಮಯದ ಲೆಕ್ಕ ಹಿಂದಿನಿಂದ ಹಾಕಿ. ದಸರಾ ರಜೆಗೆ ಬಾಗಿಲು ತೆರೆಯಬೇಕು ಅಂದರೆ ಮಾಡಿನ ಕೆಲಸ ಮೇ ಮುಗಿಯುವುದರೊಳಗೆ ಆಗಿರಬೇಕು, ಮಳೆಯಲ್ಲಿ ಹೆಂಚು ತೆಗೆಯೋಕೆ ಆಗಲ್ಲ. ಹಾಗಾದರೆ ನೋಂದಣಿ ಜನವರಿಯೊಳಗೆ ಆಗಬೇಕು. ಅದಕ್ಕೂ ಹಿಂದಿನ ಮೇ ಮತ್ತು ಜುಲೈನಲ್ಲಿ ಮನೆ ನೋಡಿ, ಆಗಸ್ಟ್‌ನಲ್ಲಿ ಸಿಆರ್‌ಝಡ್ ಅರ್ಜಿ ಹಾಕಿರಬೇಕು. ಮೊದಲ ಮಳೆಗಾಲ ಪೂರ್ತಿ ಮನೆಯನ್ನು ಖಾಲಿ ಇಟ್ಟು, ಎಲ್ಲಿ ಸೋರುತ್ತದೆ ಅಂತ ನೋಡಿಕೊಳ್ಳುವವರಿಂದ ವಾರಕ್ಕೊಂದು ವಿಡಿಯೋ ತರಿಸಿಕೊಳ್ಳಿ, ಸೆಪ್ಟೆಂಬರ್‌ನಲ್ಲಿ ಅದನ್ನೆಲ್ಲ ಸರಿ ಮಾಡಿಸಿ ಆಮೇಲೆ ಬುಕಿಂಗ್ ತೆರೆಯಿರಿ.